ಯಾವ ದೇಶದ ಹುಡುಗ?

"ಈ ಹುಡುಗ ಯಾರ? ಯಾವ ದೇಶದಾಂವ? ಬಾಯಿ ಬಿಡ, ಸ್ನೇಹಲ್!"

ಜಯಮಾಲಾ ಮಗಳ ಮುಖದೆದುರು ಮೊಬೈಲ್ ಹಿಡಿದಳು. ನೆರೆಮನೆಯವರು ಕಳಿಸಿದ ಫೋಟೊ ಅದು. ಹುಮನಾಬಾದ ಬಸ್ಸಿನಲ್ಲಿ ಕಡುಗಪ್ಪು ಬಣ್ಣದ, ಗುಂಗುರು ಕೂದಲಿನ ಹುಡುಗನ ಪಕ್ಕದಲ್ಲಿ ಹದಿನೇಳರ ಸ್ನೇಹಲ್ ನಗುತ್ತ ಕುಳಿತಿದ್ದಳು.

"ನಮ್ಮ ಕಾಲೇಜಿನಾಂವ ಅವ್ವ, ಪರಶುರಾಮ ಸಿದ್ದಿ. ಯಲ್ಲಾಪುರದವರು. ಅವರಪ್ಪಗ ಅರಣ್ಯ ಇಲಾಖೆದಾಗ ನೌಕರಿ, ಬಸವಕಲ್ಯಾಣಕ್ಕ ವರ್ಗ ಆಗ್ಯಾದ. ನಮ್ಮಂಗ ಕನ್ನಡದವರೇ..." ಸ್ನೇಹಲ್ ಬಿಕ್ಕಿದಳು. "ಅವನ ಬಾಜೂಕ ಯಾರೂ ಕೂಡತಿರಲಿಲ್ಲ. ಯಾಕ ಅಂತ ನೋಡಾಕ ನಾ ಕೂತೆ. ಮಾತಾಡ್ದೆ. ಈಗ... ಅವ ನನಗ ಮನಸ್ಸಿಗೆ ಬಂದಾನ!"

"ಸಾಕು! ಮಂದಿ ನಗಾಕತ್ತಾರ. ನಾಳಿಯಿಂದ ಕಾಲೇಜ ಬಂದ್!" ತಂದೆ ಸತೀಶಕುಮಾರ ಅಬ್ಬರಿಸಿದ.

ಮೂರನೆಯ ದಿನ ಸಂಜೆ ಪರಶುರಾಮನೇ ಬಾಗಿಲಿಗೆ ಬಂದ. ಓಣಿಯ ಮಕ್ಕಳು "ಆಫ್ರಿಕಾ! ಆಫ್ರಿಕಾ!" ಎಂದು ಕೂಗುತ್ತ ಬೆನ್ನು ಹತ್ತಿದ್ದರು. ಅವನು ಹೊಸ್ತಿಲಾಚೆಯೇ ನಿಂತು ಕೈಮುಗಿದ.

"ಸ್ನೇಹಲ್ ಓದು ನಿಲ್ಲಿಸಬೇಡಿ ಅಂಕಲ್. ನಾನೇ ಟಿಸಿ ತಗೊಂಡು ಊರಿಗೆ ಹೋಗ್ತೇನೆ. ನನ್ನ ಒಂದು ವರ್ಷ ಹೋದರೆ ಹೋಗಲಿ..."

ಸತೀಶಕುಮಾರ ಮುಖ ತಿರುಗಿಸಿದ. ಆದರೆ ಅವನ ತಾಯಿ ಪಾರ್ವತಿಬಾಯಿ ಕನ್ನಡಕ ಏರಿಸಿಕೊಂಡು ಹುಡುಗನನ್ನೇ ನೋಡುತ್ತಿದ್ದಳು. ಎಂಬತ್ತು ವರ್ಷದ ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ತೀರದ ಕುತೂಹಲವಿತ್ತು.

"ನಿಮ್ಮ ಮಂದಿ ಈ ಕಡೀಗೆ ಹ್ಯಾಂಗ ಬಂದ್ರೋ ತಮ್ಮಾ?"

"ಹಿಂದಿನವರನ್ನ ಯಾರೋ ಹಿಡಿದು ಹಡಗಿನಲ್ಲಿ ತಂದು ಮಾರಿದರಂತೆ, ಅಜ್ಜಿ. ತಪ್ಪಿಸಿಕೊಂಡು ಕಾಡು ಸೇರಿದರಂತೆ. ನೂರಾರು ವರ್ಷ ಆಯ್ತು."

"ಅಯ್ಯೋ ನಮ್ಮಪ್ಪ! ಮಂದೀನ ಮಾರಿದ್ರ?... ಮನ್ಯಾಗ ಏನ್ ಉಣ್ತೀರಿ? ನಿಮ್ಮವ್ವ ನಿನಗ ಏನಂತ ಕರೀತಾಳ?"

ಅವನು ಒಂದೊಂದಕ್ಕೂ ಉತ್ತರಿಸಿದ. ಮನೆಯಲ್ಲಿ ತನ್ನನ್ನು 'ಪರಶು' ಅನ್ನುತ್ತಾರೆ ಎಂದಾಗ ಮುದುಕಿ ಬೊಚ್ಚು ಬಾಯಿ ತುಂಬ ನಕ್ಕಳು.

"ಈ ಊರಾಗ ಯಾರ್ಯಾರ ಮನಿ ನೋಡಿದಿ, ಪರಶು?"

"ಬಂದು ಎಂಟು ತಿಂಗಳಾಯ್ತು, ಅಜ್ಜಿ. ಇನ್ನೂ ಯಾರೂ ಒಳಗೆ ಕರೆದಿಲ್ಲ."

ದೂರುವ ದನಿಯಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಮೆಲ್ಲನೆ ನಕ್ಕಿದ್ದ, ಅಷ್ಟೇ. ಆ ನಗುವೇ ಜಯಮಾಲಾಳ ಕರುಳನ್ನು ಹಿಂಡಿತು. ತನ್ನ ಮಗಳೇ ಪರವೂರಿನಲ್ಲಿ ಹೀಗೆ ಹೊಸ್ತಿಲಾಚೆ ನಿಂತಿದ್ದರೆ...! ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಮಾತು ಹೊರಬಿತ್ತು.

"ಒಳಗ... ಒಳಗ ಬಾರಪ್ಪ."

ಸತೀಶಕುಮಾರ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ.

"ಟಿಸಿ ಗಿಸಿ ಏನೂ ಬ್ಯಾಡ. ಇಬ್ಬರೂ ಪರೀಕ್ಷಾ ಬರೀರಿ. ಮುಂದಿನ ಮಾತ ನಾ ಈಗ ಆಡಂಗಿಲ್ಲ..."

ಅಷ್ಟು ಹೇಳಿ ಅವನು ಬಾಗಿಲಿಗೆ ಹೋದ. ಇನ್ನೂ ಕೂಗುತ್ತಿದ್ದ ಮಕ್ಕಳತ್ತ ಕೈ ಬೀಸಿದ.

"ನಡೀರಿ ನಿಮ್ಮ ನಿಮ್ಮ ಮನಿಗೆ! ಅವ ನಮ್ಮ ಮನಿಗೆ ಬಂದಾನ!"