ಮಾರಪ್ಪನ ನಾಲ್ಕನೆಯ ಗುರುತು

ಸತ್ತವನ ಹೆಬ್ಬೆಟ್ಟು ಠರಾವು ಪುಸ್ತಕದಲ್ಲಿತ್ತು.

ಕೆರೆಕಟ್ಟೆ ಕಡೆಯ ಆ ಊರಿನ ಅರಣ್ಯ ಹಕ್ಕು ಸಮಿತಿಗೆ ನೀಲಾಂಬಿಕೆ ಅಧ್ಯಕ್ಷೆಯಾಗಿ ಬಂದ ಮೊದಲ ದಿನ. ಪುಸ್ತಕ ಬಿಡಿಸಿದವಳು ಬಿಳಿಚಿಕೊಂಡಳು. ಕೊನೆಯ ಠರಾವಿನ ಪ್ರಕಾರ ಅಧ್ಯಕ್ಷರ ಸಹಿಗೆ ಇನ್ನು ಬೆಲೆಯಿಲ್ಲ. ಅರ್ಜಿಗಳೆಲ್ಲ ಸೋತ ಅಧ್ಯಕ್ಷ ಯೋಗೇಂದ್ರನ ಉಪಸಮಿತಿಗೆ. ಏಳು ಜನರಲ್ಲಿ ನಾಲ್ವರ ಒಪ್ಪಿಗೆ. ತಾರೀಕು ಜುಲೈ ಹನ್ನೆರಡು. ನಾಲ್ಕನೆಯ ಗುರುತು ಸದಸ್ಯ ಮಾರಪ್ಪನದು. ಅವನು ತೀರಿಕೊಂಡದ್ದು ಇಪ್ಪತ್ತಕ್ಕೆ.

"ಹಲ್ಲು ಕೀಳೋ ಠರಾವು ಅಂತಾರಲ್ಲ, ಇದೇ ಮಾರಾಯ್ತಿ," ಎಂದಳು ನೀಲಾಂಬಿಕೆ. "ಸೋತವ್ರು ಕುರ್ಚಿ ಬಿಟ್ಟು ಹೋಗ್ತಾರೆ, ಅದರ ಹಲ್ಲು ಕಿತ್ಕೊಂಡು."

ಗ್ರಂಥಾಲಯ ನೋಡಿಕೊಳ್ಳುವ ಮೇಘನ ತಲೆಯಾಡಿಸಿದಳು. ಅವಳ ಮಾತೆಲ್ಲ ಡೈರಿಯೊಳಗೆ. ಆದರೆ ಆ ಅರ್ಜಿಗಳಲ್ಲಿ ಮಾರಪ್ಪನ ಮನೆಜಾಗದ್ದೂ ಇತ್ತು. ಆ ಜಾಗದಲ್ಲಿ ಹೋಂಸ್ಟೇ ಕಟ್ಟುವ ಆಸೆ ಯೋಗೇಂದ್ರನಿಗೆ. ಠರಾವು ಉಳಿದರೆ ಮಾರಪ್ಪನ ಹೆಂಡತಿ ಸುಬ್ಬಿ ಬೀದಿಗೆ.

ಕಾಯಿಲೆ ಬಿದ್ದ ಮಾರಪ್ಪ ಆ ತಿಂಗಳು ಸಭೆಗೆ ಬಂದದ್ದನ್ನು ಮೇಘನ ಕಂಡಿರಲಿಲ್ಲ. ಬೇರೆ ಯಾರದೋ ಬೆರಳಿರಬೇಕು ಎಂದುಕೊಂಡು ಹಳೆಯ ಪುಟಗಳನ್ನು ತಿರುವಿದಳು. ಇಲ್ಲ. ಅದೇ ಅಡ್ಡಗಾಯದ ಗೆರೆ. ಮಾರಪ್ಪನದೇ.

ಆದರೆ ತಲೆಕೆಳಗಾಗಿತ್ತು.

*

ಸುಬ್ಬಿ ಬಾಗಿಲಲ್ಲೇ ಕೂತಿದ್ದಳು.

"ಕೊನೇ ಸ್ನಾನ ಮಾಡ್ಸುವಾಗ ನೋಡ್ದೆ ಮೇಘನಮ್ಮ. ಎಡಗೈ ಹೆಬ್ಬೆಟ್ಟು ನೇರಳೆ ಆಗಿತ್ತು. ಉಜ್ಜಿದ್ರೂ ಹೋಗ್ಲಿಲ್ಲ. ಕಣ್ಣು ಮುಚ್ಚಿದ್ರೆ ಆ ಬೆರಳೇ ಬತ್ತದೆ."

"ಹಿಂದಿನ ದಿನ ಇತ್ತಾ?"

"ಇಲ್ಲ. ನಾನೇ ಗಂಜಿ ಕುಡ್ಸಿ ಕೈ ತೊಳ್ಸಿದ್ದೆ."

ಮೇಘನ ಅವಳ ಪಕ್ಕ ಕೂತಳು. "ಹೆಣದ ಹತ್ರ ಯಾರು ಕೂತಿದ್ರು?"

"ಹೆಣ ಒಂಟಿ ಬಿಡಬಾರ್ದಲ್ಲ. ನೆಂಟ್ರಿಗೆ ಫೋನು ಮಾಡಕ್ಕೆ ನಾನು ಸಿಗ್ನಲ್ ಸಿಗೋ ದಿಬ್ಬಕ್ಕೆ ಹೋಗ್ಬೇಕಿತ್ತು. ಯೋಗೇಂದ್ರಯ್ಯ 'ನಾನಿರ್ತೀನಿ, ಹೋಗು' ಅಂದ್ರು. ದೇವ್ರಂಥೋರು ಅನ್ಕಂಡೆ."

*

ಸಭೆಯಲ್ಲಿ ಮೇಘನ ಆ ಹೆಬ್ಬೆಟ್ಟಿನ ಮಾತೆತ್ತಿದಾಗ ಯೋಗೇಂದ್ರ ನಕ್ಕ. "ಲೈಬ್ರರಿ ಹುಡುಗಿ ಬಾಯಿ ಬಿಟ್ಳಪ್ಪ! ಹನ್ನೆರಡಕ್ಕೆ ಅವನೇ ಬಂದು ಒತ್ತಿದ."

ಮೇಘನ ಪುಸ್ತಕ ತೆರೆದು ಎಲ್ಲರ ಮುಂದಿಟ್ಟಳು.

"ಪುಸ್ತಕದ ಮುಂದೆ ಕೂತವರ ಹೆಬ್ಬೆಟ್ಟು ನೆಟ್ಟಗೆ ಬೀಳ್ತದೆ. ಇದು ಉಲ್ಟಾ. ಬೆರಳು ಪುಸ್ತಕದ ಹತ್ರ ಬಂದಿಲ್ಲ, ಪುಸ್ತಕಾನೇ ಮಲಗಿದ ಬೆರಳಿನ ಹತ್ರ ಹೋಗಿದೆ. ಹತ್ತೊಂಬತ್ತಕ್ಕೆ ತೊಳೆದ ಕೈಯಲ್ಲಿ ಇಪ್ಪತ್ತಕ್ಕೆ ಶಾಯಿ. ಆಗ ಪಕ್ಕದಲ್ಲಿದ್ದವರು ನೀವೊಬ್ರೇ."

"ಹೆಣ ಸುಟ್ಟಾಯ್ತು. ಸಾಕ್ಷಿ ಎಲ್ಲಿ?"

ಠರಾವಿಗೆ ಸಹಿ ಹಾಕಿದ್ದ ಸದಸ್ಯ ಸತೀಶ ಎದ್ದುನಿಂತ.

"ನಾವು ಸಹಿ ಹಾಕಿದ್ದೇ ತಿಥಿ ಮುಗಿದ್ಮೇಲೆ. ಆ ಹೆಬ್ಬೆಟ್ಟು ಮೊದ್ಲೇ ಇತ್ತು. ಮುಂಚೆ ಒತ್ತಿಸ್ಕೊಂಡಿದ್ದು ಅಂದ್ರು ಇವ್ರು. ಹೆಣದ ಕೈ ಅಂತ ನಂಗೊತ್ತಿರ್ಲಿಲ್ಲ, ದೇವ್ರಾಣೆ."

ಯೋಗೇಂದ್ರ ಬಾಗಿಲತ್ತ ನೋಡಿದ. ಅಲ್ಲಿ ಸುಬ್ಬಿ ನಿಂತಿದ್ದಳು. ಅವನ ಕಣ್ಣು ನೆಲ ನೋಡಿತು.

*

ಪೊಲೀಸರು ಪುಸ್ತಕ ಒಯ್ದರು. ನೀಲಾಂಬಿಕೆ ಸುಬ್ಬಿಯ ಹೆಸರಿಗೆ ಹೊಸ ಅರ್ಜಿ ಬರೆದು ಶಾಯಿ ಪ್ಯಾಡು ಮುಂದಿಟ್ಟಳು.

ಸುಬ್ಬಿ ಕೈ ಹಿಂದಕ್ಕೆಳೆದುಕೊಂಡಳು.

"ಅದು ಬ್ಯಾಡ. ಮೇಘನಮ್ಮ, ಪೆನ್ನು ಹಿಡಿಯೋದು ಹೇಳ್ಕೊಡಿ. ಎಷ್ಟು ಹೊತ್ತಾದ್ರೂ ಆಗ್ಲಿ."

ಎರಡಕ್ಷರಕ್ಕೆ ಮಧ್ಯಾಹ್ನ ಪೂರ್ತಿ ಹಿಡಿಯಿತು.