ಯಾರೋ ಅಂಕಲ್

“ಯಾರೇ ಅದು? ನಿಮ್ಮಪ್ಪನಾ?”

ಸ್ಕೂಲ್ ಗೇಟಿನ ಹೊರಗೆ ಸೈಕಲ್ ನಿಲ್ಲಿಸಿ, ಕೈಯಲ್ಲಿ ನೀಲಿ ಬ್ಯಾಗ್ ಹಿಡಿದು ನಿಂತಿದ್ದವರನ್ನು ನೋಡಿ ಕ್ಲಾಸಿನ ಗೆಳತಿ ಡಬಲ್ ಜಡೆ ಕೇಳಿದಳು.

ಗುಂಡುಪಿನ್ನು ಅತ್ತಿತ್ತ ನೋಡಿದಳು. ಕಡ್ಡಿಯಂಥ ಮೈ, ತಲೆ ತುಂಬ ಗುಂಗುರು ಕೂದಲು. ಅದಕ್ಕೇ ಮನೆಯಲ್ಲೂ ಕ್ಲಾಸಿನಲ್ಲೂ ಅವಳಿಗೆ ಆ ಹೆಸರು. ಬ್ಯಾಗ್ ಅವಳದೇ. ಜಿಪ್ ಕಿತ್ತುಹೋಗಿ, ಬೆಳಿಗ್ಗೆ ಪುಸ್ತಕಗಳನ್ನೆಲ್ಲ ತಬ್ಬಿಕೊಂಡು ಬಂದಿದ್ದಳು.

“ಅಪ್ಪ ಅಲ್ಲ. ಯಾರೋ ಅಂಕಲ್,” ಎಂದಳು. “ಬ್ಯಾಗ್ ರಿಪೇರಿಯವ್ರು.”

ಅಷ್ಟರಲ್ಲಿ ಅಂಕಲ್ ಎದುರಿಗೇ ಬಂದಿದ್ದರು. ಕೇಳಿಸಿತೋ ಇಲ್ಲವೋ? ಕೇಳಿಸಿತ್ತು. ದಿನವೂ ಅವಳ ತಲೆ ಕೆದರುತ್ತಿದ್ದ ಕೈ ಇವತ್ತು ಬ್ಯಾಗನ್ನಷ್ಟೇ ಕೊಟ್ಟಿತು.

“ಜಿಪ್ಪಿನ ರನ್ನರ್ ಹೊಸದು ಹಾಕಿದೀನಮ್ಮ. ಸ್ವಲ್ಪ ದಿನ ಬಿಗಿ ಇರುತ್ತೆ, ಜೋರಾಗಿ ಎಳೀಬೇಡ.”

ಗಿರಾಕಿಗೆ ಹೇಳುವ ಹಾಗೆ ಹೇಳಿ, ಸೈಕಲ್ ಹತ್ತಿ ಹೊರಟುಹೋದರು.

ಅವರೇನು ಯಾರೋ ಅಲ್ಲ. ಅವಳು ಹುಟ್ಟುವ ಮೊದಲಿನಿಂದಲೂ ಅವರೂ ಚಿಕ್ಕಪ್ಪನೂ ಮನೆಯ ಮಹಡಿ ಮೇಲೆ ಒಟ್ಟಿಗಿದ್ದಾರೆ. ಅಪ್ಪ ಅಮ್ಮ ಹೇಗೆ ಜೋಡಿಯೋ ಅವರಿಬ್ಬರೂ ಹಾಗೇ ಜೋಡಿ. ಅವಳಿಗೆ ಸೈಕಲ್ ಕಲಿಸಿದ್ದೂ ಅವರೇ, ಬಿದ್ದಾಗ ಮಂಡಿಗೆ ಔಷಧಿ ಹಚ್ಚಿದ್ದೂ ಅವರೇ. ಆದರೂ ಚಿಕ್ಕಪ್ಪನಿಗೆ ‘ನೀನು’, ಅವರಿಗೆ ‘ನೀವು, ಅಂಕಲ್’. ಹಾಲಿನವರೂ ಅಂಕಲ್, ಕಂಡಕ್ಟರೂ ಅಂಕಲ್, ಅವರೂ ಅಂಕಲ್. ಬೇರೆ ಹೇಗೆ ಕರೆಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮೊನ್ನೆ ಗೋಡೆಯ ಮೇಲಿನ ಪ್ರೈಡ್ ಮೆರವಣಿಗೆಯ ಪೋಸ್ಟರ್ ನೋಡಿ ಡಬಲ್ ಜಡೆ ಕಿಸಕ್ಕನೆ ನಕ್ಕಿದ್ದಳು. “ಗಂಡಸ್ರನ್ನ ಪ್ರೀತಿಸೋ ಗಂಡಸ್ರು, ಹೆಂಗಸ್ರನ್ನ ಪ್ರೀತಿಸೋ ಹೆಂಗಸ್ರು, ಎಲ್ಲ ರೋಡಲ್ಲಿ ಹೋಗ್ತಾರಂತೆ ಕಣೇ. ಈಗ ಅವ್ರನ್ನ ಯಾರು ಬೇಡ ಅಂದ್ರು? ಸುಮ್ನೆ ಟ್ರಾಫಿಕ್ ಜಾಮ್ ಅಂತಾರೆ ನಮ್ಮಪ್ಪ.”

ಗುಂಡುಪಿನ್ನೂ ನಕ್ಕಿದ್ದಳು.

ಸಂಜೆ ಅಂಗಡಿಗೆ ಹೋದಾಗ ಅಂಕಲ್ ಹೊಲಿಗೆ ಮೆಷಿನ್ ತುಳಿಯುತ್ತಿದ್ದರು. ಸುತ್ತ ಹಿಡಿ ಕಿತ್ತ ಸೂಟ್‌ಕೇಸುಗಳು, ಪಟ್ಟಿ ಹರಿದ ಬ್ಯಾಗುಗಳು, ಅಂಟಿನ ವಾಸನೆ. ಬಸ್ ಡ್ರೈವರ್ ಚಿಕ್ಕಪ್ಪ ಡ್ಯೂಟಿ ಮುಗಿಸಿ ಬಂದವನು, ಯೂನಿಫಾರ್ಮಿನ ತೋಳು ಮಡಚಿ ಬಣ್ಣದ ಬಟ್ಟೆಯಲ್ಲಿ ಅಕ್ಷರ ಕತ್ತರಿಸುತ್ತಿದ್ದ. ಭಾನುವಾರದ ಮೆರವಣಿಗೆಗೆ ಬ್ಯಾನರ್. ಅದರಲ್ಲಿ ಒಂದೇ ಮಾತು: ನಮ್ಮನೆಯವರು.

“ಇದು ಅಮ್ಮ ಅಪ್ಪನಿಗೆ ಅನ್ನೋದಲ್ವಾ ಚಿಕ್ಕಪ್ಪ? ‘ನಮ್ಮನೆಯವ್ರು ಸ್ನಾನಕ್ಕೆ ಹೋಗಿದಾರೆ, ಆಮೇಲೆ ಬನ್ನಿ’ ಅಂತ?”

“ಅದೇ. ಅತ್ತಿಗೆ ಬಾಯಲ್ಲಿ ಪಟ್ ಅಂತ ಬರುತ್ತೆ ನೋಡು. ನಂಗೆ ಬರಲ್ಲ.” ಕತ್ತರಿ ನಿಂತಿತು. “ಇವ್ನ ಜೊತೆ ಆಸ್ಪತ್ರೆಗೆ ಹೋದಾಗ ‘ಅವ್ರು ನಿಮಗೇನಾಗ್ಬೇಕು?’ ಅಂತ ಕೇಳಿದ್ರೆ ಒಂದು ಗಳಿಗೆ ಯೋಚಿಸ್ತೀನಿ. ನಗ್ತಾರೋ, ಮುಖ ಸಿಂಡರಿಸ್ತಾರೋ ಅಂತ.”

“ಮೊದಲಿಗಿಂತ ಎಷ್ಟೋ ವಾಸಿಯಪ್ಪ,” ಎಂದರು ಅಂಕಲ್. “ಮೊದಲ್ನೇ ಸಲ ಮೆರವಣಿಗೆಗೆ ಹೋದಾಗ ಗುರುತು ಸಿಗಬಾರ್ದು ಅಂತ ಈ ಮಹಾರಾಯ ಹೆಲ್ಮೆಟ್ ಹಾಕ್ಕೊಂಡು ನಡೆದಿದ್ದ!”

“ಪೊಲೀಸ್‌ನೋರು ಹಿಡಿದು ನಿಲ್ಲಿಸಿ, ‘ಬೈಕ್ ಎಲ್ಲಿ ಬಿಟ್ರಿ ಸಾರ್?’ ಅಂದ್ರು,” ಎಂದು ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಗುಂಡುಪಿನ್ನಿಗೂ ನಗು ಬಂತು. “ಈಗ ಹೆಲ್ಮೆಟ್ ಬೇಡ್ವಲ್ಲ. ಯಾರೂ ಏನೂ ಅನ್ನಲ್ಲ. ಮತ್ಯಾಕೆ ಹೋಗ್ಬೇಕು?”

ಮೆಷಿನ್ ನಿಂತಿತು. ಅಂಕಲ್ ಅವಳನ್ನೇ ನೋಡಿದರು. ಈಗ ಹೇಳಿಬಿಡುತ್ತಾರೆ, ಗೇಟಿನ ಹತ್ತಿರ ನಡೆದದ್ದನ್ನೆಲ್ಲ ಹೇಳಿಬಿಡುತ್ತಾರೆ ಎಂದುಕೊಂಡಳು.

ಅವರು ಹಲ್ಲಿನಲ್ಲಿ ದಾರ ಕಡಿದು, “ಬ್ಯಾನರ್ ಉದ್ದ ಆಯ್ತು. ನಡುವೆ ಜೋತು ಬೀಳುತ್ತೆ,” ಎಂದರಷ್ಟೇ.

“ಆ ಒಂದು ಗಳಿಗೆ ಅಂದ್ನಲ್ಲ,” ಎಂದ ಚಿಕ್ಕಪ್ಪ. “ಅದು ಹೋಗೋವರೆಗೂ ನಡೀತೀವಿ ಕಣೇ.”

ಗುಂಡುಪಿನ್ನು ತಲೆ ತಗ್ಗಿಸಿ ಜಿಪ್ ಎಳೆದಳು. ಮತ್ತೆ ಮುಚ್ಚಿದಳು. ರನ್ನರ್ ಬಿಗಿಯಾಗಿತ್ತು.

ಭಾನುವಾರ ಡ್ರಮ್ಮಿನ ಸದ್ದು ಬೀದಿಗೆ ಮೊದಲು ಬಂತು, ಹಿಂದೆಯೇ ಜನ ಬಂದರು. ಕೈ ಕೈ ಹಿಡಿದ ಇಬ್ಬರು ಅಜ್ಜಿಯರು. ಬಿಳಿ ಕೋಟಿನ ಡಾಕ್ಟರ್ ಒಬ್ಬರು. ‘ನನ್ನ ಮಗ, ನನ್ನ ಹೆಮ್ಮೆ’ ಎಂದು ರಟ್ಟಿನ ಮೇಲೆ ಬರೆದು ಹಿಡಿದ ಯಾರದೋ ಅಮ್ಮ. ಅಪ್ಪ ಅಮ್ಮನ ಜೊತೆ ಫುಟ್‌ಪಾತಿನಲ್ಲಿ ನಿಂತಿದ್ದ ಗುಂಡುಪಿನ್ನಿಗೆ ಮೈ ಜುಮ್ಮೆಂದಿತು. ಎಲ್ಲರೂ ತಲೆಯೆತ್ತಿ ನಡೆಯುತ್ತಿದ್ದರು.

ಅವರ ಹಿಂದೆ ಆ ಬ್ಯಾನರ್. ಒಂದು ಕೋಲು ಇಸ್ತ್ರಿ ಮಾಡಿದ ಯೂನಿಫಾರ್ಮಿನ ಚಿಕ್ಕಪ್ಪನ ಕೈಯಲ್ಲಿ, ಇನ್ನೊಂದು ಅಂಕಲ್ ಕೈಯಲ್ಲಿ.

“ಏ ಗುಂಡುಪಿನ್ನೂ!” ಎದುರಿನ ಅಂಗಡಿಯ ಮೆಟ್ಟಿಲಿನಿಂದ ಡಬಲ್ ಜಡೆ ಓಡಿಬಂದಳು. “ಆ ಕಡೆ ಕೋಲು ಹಿಡ್ಕೊಂಡಿರೋದು ನಿನ್ನ ಬ್ಯಾಗ್ ರಿಪೇರಿ ಅಂಕಲ್ ಅಲ್ವೇನೇ? ಅವತ್ತು ಯಾರೋ ಅಂದೆ! ಅವ್ರು ನಿಂಗೇನಾಗ್ಬೇಕು?”

ಗುಂಡುಪಿನ್ನು ಬ್ಯಾನರ್ ಕಡೆ ನೋಡಿದಳು. ಡಬಲ್ ಜಡೆ ನಗುತ್ತಾಳೋ? ನಾಳೆ ಇಡೀ ಕ್ಲಾಸೇ ನಗುತ್ತದೋ?

ಓ, ಇದೇ ಆ ಗಳಿಗೆ.

ಅವಳು ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು, “ಚಿಕ್ಕಪ್ಪಾ!”

ಚಿಕ್ಕಪ್ಪ ತಿರುಗಿ ಕೈ ಬೀಸಿದ. ಅಂಕಲ್ ತಿರುಗಲಿಲ್ಲ. ಕರೆದದ್ದು ತಮ್ಮನ್ನಲ್ಲ ಎಂದು ಮುಂದೆ ನೋಡುತ್ತಲೇ ನಡೆದರು.

“ನೀನಲ್ಲಾ! ಇನ್ನೊಬ್ಬ ಚಿಕ್ಕಪ್ಪ!”

ಅಂಕಲ್ ಗಕ್ಕನೆ ನಿಂತರು. ಹಿಂದೆ ಬರುತ್ತಿದ್ದವನ ಡ್ರಮ್ಮು ಅವರ ಬೆನ್ನಿಗೆ ಢಬ್ಬೆಂದು ಬಡಿಯಿತು. ಅದೂ ಗೊತ್ತಾಗದವರಂತೆ, ನಿಧಾನವಾಗಿ ಇತ್ತ ತಿರುಗಿದರು.

“ನಿಂಗೆ ಎಷ್ಟು ಜನ ಚಿಕ್ಕಪ್ಪಂದಿರೇ?” ಡಬಲ್ ಜಡೆ ಕಣ್ಣರಳಿಸಿದಳು.

“ಇಬ್ರು,” ಎಂದವಳೇ ಗುಂಡುಪಿನ್ನು ರಸ್ತೆಗೆ ಇಳಿದು ಓಡಿದಳು.

ಬ್ಯಾನರ್ ನಡುವೆ ಜೋತು ಬಿದ್ದು ‘ನೆ’ ಅಕ್ಷರ ಮಡಚಿಹೋಗಿತ್ತು. ಅವಳು ಅದರಡಿ ನುಗ್ಗಿ, ತುದಿಗಾಲಲ್ಲಿ ನಿಂತು, ಎರಡೂ ಕೈಗಳಿಂದ ಎತ್ತಿ ಹಿಡಿದಳು.

“ಕೋಲು ಸ್ವಲ್ಪ ಮೇಲೆತ್ತು ಚಿಕ್ಕಪ್ಪ, ನಿನ್ನ ಕಡೆ ಇಳೀತಿದೆ,” ಎಂದಳು ಅಂಕಲ್ ಇದ್ದ ಕಡೆ ತಿರುಗಿ.

“ಎತ್ತಿದೆ ಕಣಮ್ಮ, ಎತ್ತಿದೆ,” ಎಂದಿತು ಬ್ಯಾನರಿನ ಆಚೆಯಿಂದ ಒಂದು ಒದ್ದೆ ದನಿ.

ಒಂದು ಕೈ ಬಟ್ಟೆಯಡಿಯಿಂದ ತಡವುತ್ತ ಬಂದು, ಅವಳ ಗುಂಗುರು ಕೂದಲನ್ನು ಚೆನ್ನಾಗಿ ಕೆದರಿತು.