ಎರಡು ಬಂದೂಕಿಗೆ ಒಂದೇ ಹಿತ್ತಾಳೆ

“ಎರಡೂ ಬ್ಯಾರೆಲ್‌ಗೆ ಒಂದೇ ರೀಮರ್. ಒಂದೇ ಆಳ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗ್ಬಾರ್ದು, ಮಾರಿಟ್.”

ಮಾರಿಟ್ ಲೇತ್ ಯಂತ್ರ ನಿಲ್ಲಿಸಿ ಕಣ್ಣೆತ್ತಿದಳು. ಬಾಗಿಲಲ್ಲಿ ಲೈಲ್ ನಿಂತಿದ್ದ. ಕೌಂಟಿಯ ಮಣ್ಣುರಸ್ತೆಗಳನ್ನು ಸಮ ಮಾಡುವ ಗ್ರೇಡರ್ ಓಡಿಸುವವನು, ಮೈಯೆಲ್ಲ ಧೂಳು. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಿದ್ದ. ಮಸಲ್‌ಶೆಲ್ ನದಿಯ ಈಚೆ ದಡದಲ್ಲಿ ಅವಳ ಅಪ್ಪ ತೆರೆದಿದ್ದ ಬಂದೂಕಿನ ಅಂಗಡಿ ಅದು. ಅಪ್ಪ ಹೋದ ಮೇಲೆ ಅವಳದೇ ಕಾರುಬಾರು.

“ಒಂದೇ ಆಳ ಯಾಕೆ?”

“ನನ್ನ ಬಂದೂಕಲ್ಲಿ ಹೊಡೆದ ಹಿತ್ತಾಳೆ ಅವಳ ಬಂದೂಕಲ್ಲೂ ಕೂರ್ಬೇಕು. ಅವಳದ್ದು ನನ್ನದರಲ್ಲಿ.”

ಅವಳು! ಆ ಒಂದು ಮಾತು ಮಾರಿಟ್‌ಳ ಎದೆಗೆ ಸರಿಯಾಗಿ ಬಡಿಯಿತು.

ಲೈಲ್‌ಗೆ ಕಾಡುಬೆಕ್ಕಿನ ಹುಚ್ಚು. ಯಾವ ಕಂಪನಿಯೂ ತಯಾರಿಸದ, ಯಾರೋ ಒಬ್ಬ ಮನೆಯಲ್ಲಿ ಕೂತು ತನಗೆ ಬೇಕಾದಂತೆ ಹಿತ್ತಾಳೆ ಕವಚದ ಕುತ್ತಿಗೆ ಹಿಸುಕಿ ಭುಜ ತಿದ್ದಿ ರೂಪಿಸಿಕೊಂಡ ತೋಟಾವನ್ನು ಈ ಜನ ಹಾಗೆ ಕರೆಯುತ್ತಾರೆ. ಬೇಸಿಗೆಯಲ್ಲಿ ರಸ್ತೆ, ಚಳಿಗಾಲದಲ್ಲಿ ಅಡುಗೆಮನೆ ಮೇಜಿನ ಮೇಲೆ ತೋಟಾ. ಲೈಲ್ ನಕ್ಷೆ ಬರೆಯುತ್ತಿದ್ದ, ಮಾರಿಟ್ ಅದಕ್ಕೆ ತಕ್ಕಂತೆ ರೀಮರ್ ಎಂಬ ಕೊರೆಯುವ ಉಳಿಯಿಂದ ಬ್ಯಾರೆಲ್ಲಿನಲ್ಲಿ ತೋಟಾ ಕೂರುವ ಗೂಡು ಕೊರೆಯುತ್ತಿದ್ದಳು. ತೋಟಾದ ಭುಜ ಎಷ್ಟು ಇಳಿಜಾರಿರಬೇಕು ಎಂದು ಇಬ್ಬರೂ ಸಂತೆಯಲ್ಲಿ ದನ ಕೊಳ್ಳುವವರಂತೆ ಚೌಕಾಸಿ ಮಾಡಿ ಜಗಳವಾಡುತ್ತಿದ್ದರು. ಎಷ್ಟೋ ವರ್ಷಗಳಿಂದ ಆ ಜಗಳವೇ ಮಾರಿಟ್‌ಳ ಚಳಿಗಾಲದ ಹಬ್ಬವಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆದರೆ ಹಿತ್ತಾಳೆ ಹಂಚಿಕೊಳ್ಳುವ ಮಾತು ಆ ಸೀಮೆಯಲ್ಲಿ ಯಾರ ಬಾಯಲ್ಲೂ ಬರುವಂಥದ್ದಲ್ಲ. ಹೊಡೆದ ತೋಟಾದ ಹಿತ್ತಾಳೆ ಆ ಗೂಡಿನೊಳಗೆ ಉಬ್ಬಿ, ಅದರದೇ ಆಕಾರ ಹಿಡಿಯುತ್ತದೆ. ಅದಕ್ಕೆ ಮತ್ತೆ ಮದ್ದು ತುಂಬಿ ಹೊಡೆಯುವುದು ಅದೇ ಬಂದೂಕಿನಲ್ಲಿ. ಅಣ್ಣತಮ್ಮಂದಿರು ಕೂಡ ತಂತಮ್ಮ ಹಿತ್ತಾಳೆಯನ್ನು ಹಲ್ಲುಜ್ಜುವ ಬ್ರಷ್ಷಿನ ಹಾಗೆ ಬೇರೆಬೇರೆ ಇಟ್ಟುಕೊಳ್ಳುತ್ತಾರೆ.

“ಯಾರಪ್ಪಾ ಆ ಮಹಾರಾಣಿ?” ಎಂದಳು, ನಗುವಂತೆ ನಟಿಸಿ.

ಲೈಲ್‌ನ ಕಿವಿ ಕೆಂಪಾಯಿತು. “ಇದಾಳೆ ಒಬ್ಳು. ಬಂದೂಕಿನ ಒದೆ ಜಾಸ್ತಿ ಇರ್ಬಾರ್ದು ಅವಳಿಗೆ. ಅದಕ್ಕೇ ಈ ಸಲ ಮೆತ್ತಗೆ ಒದೆಯೋ, ದೂರ ಹೋಗೋ ತೋಟಾ ಮಾಡಿದೀನಿ. ಮರದ ಹಿಡಿ ನಾನೇ ಕೆತ್ಕೋತೀನಿ. ನೀನು ಬ್ಯಾರೆಲ್ ಕೊಟ್ರೆ ಸಾಕು.”

“ಹೂವಿನಂಥ ಭುಜ ಅನ್ನು.”

“ಭುಜ ಹೂವಿನಂಥದ್ದು. ಬಾಯಿ ಮಾತ್ರ ಅಲ್ಲ,” ಎಂದು ಅವಳ ಕಡೆ ಒಂದು ಗಳಿಗೆ ಹೆಚ್ಚೇ ನೋಡಿ, ಟೋಪಿ ಹಾಕಿಕೊಂಡು ಹೋದ.

ಇಷ್ಟು ಹೇಳಿದರೂ ತಿಳಿಯಬಾರದೇ ಎಂದು ನಿಮಗನ್ನಿಸಬಹುದು. ಏಳು ವರ್ಷದ ಹಿಂದೆ ಕುದುರೆಯಿಂದ ಬಿದ್ದು ಬಲಭುಜ ಮುರಿದುಕೊಂಡ ಮೇಲೆ ಮಾರಿಟ್ ಬೇಟೆಯ ಆಸೆಯನ್ನೇ ಬಿಟ್ಟಿದ್ದಳು. ಅವಳ ಹಳೆಯ ರೈಫಲ್ಲು ಅಂಗಡಿಯ ಗೋಡೆಯಲ್ಲಿ ಧೂಳು ತಿನ್ನುತ್ತಿತ್ತು. ಬಂದೂಕು ಮಾಡುವವಳು ತಾನು, ಹೊಡೆಯುವವರು ಬೇರೆಯವರು ಎಂದು ಮನಸ್ಸು ಗಟ್ಟಿ ಮಾಡಿಕೊಂಡವಳಿಗೆ, ತನ್ನ ಭುಜದ ನೆನಪೇ ಬರಲಿಲ್ಲ.

ಮೊದಲ ಬ್ಯಾರೆಲ್ ಲೈಲ್‌ನದು. ಅದನ್ನು ಅಪ್ಪ ಕಲಿಸಿದಂತೆ ಅಳೆದು ಕೊರೆದು ಕೊಟ್ಟಳು. ಆ ವಾರವೇ ಆಲ್ಮಾ ಅತ್ತೆಯ ಹೋಟೆಲಿಗೆ ಪೈ ತಿನ್ನಲು ಹೋದದ್ದು ತಪ್ಪಾಯಿತು. ಅಪ್ಪನ ಅಕ್ಕ ಆಲ್ಮಾ, ಊರಿನ ಸುದ್ದಿಗೆಲ್ಲ ಅವಳೇ ಅಂಚೆಯವಳು.

“ನಿನ್ನ ಲೈಲು ಆ ಹೊಸ ದನದ ಡಾಕ್ಟ್ರಮ್ಮನ ಜೊತೆ ಮೂಲೇಲಿ ಕೂತಿದ್ದ ಕಣೆ. ಒಳ್ಳೆ ಬಳ್ಳಿ ಹಾಗಿದಾಳೆ. ಭುಜ ಮುಟ್ಟಿ ಮುಟ್ಟಿ ಏನೇನೋ ಕೇಳ್ತಿದ್ದ.”

“ನನ್ನ ಲೈಲು ಯಾವಾಗಾದ ಅತ್ತೆ?”

“ಆಗ್ಲಿಲ್ಲವಲ್ಲ, ಅದೇ ಗೋಳು! ವರ್ಷಗಟ್ಲೆ ಇಬ್ರೂ ತೋಟಾದ ಭುಜ ಅಳೀತಾ ಕೂತ್ರಿ. ಈಗ ಅವನು ನಿಜವಾದ ಭುಜ ಹುಡುಕ್ಕೊಂಡ.”

ಮಾರಿಟ್ ಪೈ ಬಿಟ್ಟೆದ್ದಳು. ಹಕ್ಲ್‌ಬೆರಿ ಹಣ್ಣಿನ ಸಿಹಿ ಪೈ ಬಿಟ್ಟು ಅವಳು ಎದ್ದದ್ದು ಹುಟ್ಟಿದಂದಿನಿಂದ ಅದೇ ಮೊದಲು.

ಎರಡನೆಯ ಬ್ಯಾರೆಲ್ ಲೇತಿಗೇರಿದಾಗ ಅವಳ ಕೈ ನೆಟ್ಟಗೇ ಇತ್ತು. ನೆಟ್ಟಗಿಲ್ಲದ್ದು ಮನಸ್ಸು. ರೀಮರ್ ಎಣ್ಣೆಯಲ್ಲಿ ತಿರುಗಿ ತಿರುಗಿ ಉಕ್ಕಿನ ಎಳೆಗಳನ್ನು ಹೊರಗೆ ತರುತ್ತಿತ್ತು. ಇನ್ನು ಕೂದಲೆಳೆಯಷ್ಟು ಆಳ ಬಾಕಿ. ಅಲ್ಲಿ ಅವಳು ಕೈ ನಿಲ್ಲಿಸಿದಳು. ಇಷ್ಟು ಸಾಕು. ಅವನ ಹಿತ್ತಾಳೆ ಇದರೊಳಗೆ ಹೋಗುವುದಿಲ್ಲ. ಅವರಿಬ್ಬರು ಒಂದೇ ತಟ್ಟೆಯಲ್ಲಿ ಉಣ್ಣುವುದು ಬೇಡ!

ಆಳ ಸರಿಯಿದೆಯೇ ಎಂದು ನೋಡುವ ಉಕ್ಕಿನ ಅಳತೆಗುಂಡನ್ನು ಒಳಗಿಟ್ಟು ನೋಡಲಿಲ್ಲ. ನೋಡಿದರೆ ಅದು ಸಾಕ್ಷಿ ಹೇಳುತ್ತಿತ್ತು. ಎಣ್ಣೆ ಒರೆಸಿ, ಕಾಗದ ಸುತ್ತಿ ಲೈಲ್‌ನ ಕೈಗೆ ಕೊಟ್ಟಳು. ಅವನು ತೆರೆದೂ ನೋಡಲಿಲ್ಲ. ಮಾರಿಟ್ ಕೊರೆದದ್ದನ್ನು ಮತ್ತೆ ಅಳೆಯುವುದೇ ಎಂಬುದು ಅವನ ನಂಬಿಕೆ. ಆ ನಂಬಿಕೆ ಅವಳನ್ನು ಮುಳ್ಳಿನಂತೆ ಚುಚ್ಚಿತು. ಈ ಅಂಗಡಿಯಿಂದ ಸುಳ್ಳು ಕೆಲಸ ಹೊರಗೆ ಹೋಗಬಾರದು ಎನ್ನುತ್ತಿದ್ದ ಅಪ್ಪ, ಇದ್ದಿದ್ದರೆ ಏನನ್ನುತ್ತಿದ್ದನೋ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತ ಬೇಟೆಯ ಕಾಲ ಹತ್ತಿರವಾಯಿತು. ಹೇಳಿದರೆ ಹೊಟ್ಟೆಕಿಚ್ಚಿನ ಕಾರಣವನ್ನೂ ಹೇಳಬೇಕಿತ್ತಲ್ಲ!

ಒಂದು ಬೆಳಿಗ್ಗೆ ಲೈಲ್‌ನ ಟ್ರಕ್ ಅಂಗಡಿ ಮುಂದೆ ನಿಂತಿತು.

“ಏನ್ ಮೇಡಂ, ಜಲ್ಲಿ ಗುಂಡಿಗೆ ಬರ್ತೀರಾ? ಎರಡೂ ಬಂದೂಕು ತಯಾರಿದೆ.”

ಊರಾಚೆಯ ಜಲ್ಲಿ ಗುಂಡಿಯೇ ಅವರೆಲ್ಲ ಗುರಿ ನೋಡುವ ಜಾಗ. ಹಳದಿ ಹುಲ್ಲಿನ ಮೇಲೆ ಗಾಳಿ ಬೀಸುತ್ತಿತ್ತು. ಲೈಲ್ ಮೊದಲು ತನ್ನ ರೈಫಲ್ಲಿನಿಂದ ಒಂದು ಗುಂಡು ಹೊಡೆದು, ಬೆಚ್ಚಗಿನ ಹಿತ್ತಾಳೆಯನ್ನು ಅಂಗೈಯಲ್ಲಿಟ್ಟುಕೊಂಡ. ಆಮೇಲೆ ಎರಡನೆಯದನ್ನು ಕಂಬಳಿಯಿಂದ ಬಿಡಿಸಿ ಅವಳ ಕೈಗಿತ್ತ.

“ಭುಜಕ್ಕೆ ಇಟ್ಟು ನೋಡು.”

“ನಾನ್ಯಾಕೆ? ನಿನ್ನ ಡಾಕ್ಟ್ರಮ್ಮಂಗೆ ಕೊಡು.”

“ಯಾವ ಡಾಕ್ಟ್ರಮ್ಮ?” ಲೈಲ್ ಕಣ್ಣು ಬಿಟ್ಟ. “ಓ... ಅವಳ್ನ ಕೇಳಿದ್ದು, ಮುರಿದು ಕೂಡಿದ ಭುಜ ಎಷ್ಟು ಒದೆ ತಡೀತದೆ ಅಂತ. ದನದ ಮೂಳೆಯಾದ್ರೇನು, ಮೂಳೆ ಮೂಳೆನೇ ತಾನೇ? ಇಡು ಭುಜಕ್ಕೆ.”

ಇಟ್ಟಳು. ಮರದ ಹಿಡಿ ಅವಳ ತೋಳಿನ ಅಳತೆಗೆ ಬಂದು ಕೂತಿತು. ಕೆನ್ನೆ ತಾನಾಗಿ ಅದರ ಮೇಲೆ ಒರಗಿತು. ರೈಫಲ್ಲಿನ ಮೇಲಿನ ದುರ್ಬೀನಿನಲ್ಲಿ ದೂರದ ಗುಡ್ಡ ಹತ್ತಿರ ಬಂತು. ವಸಂತದಲ್ಲಿ ಲೈಲ್ ‘ಧೂಳು ಒರೆಸ್ತೀನಿ’ ಎಂದು ಗೋಡೆಯಿಂದ ಅವಳ ಹಳೆಯ ರೈಫಲ್ಲನ್ನು ಇಳಿಸಿ, ಅರ್ಧ ದಿನ ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿ ಅಳೆಯುತ್ತ ಕೂತದ್ದು ಆಗ ನೆನಪಾಯಿತು.

“ನಿಂಗೇ ಮಾಡಿದ್ದು,” ಎಂದ ಲೈಲ್. “ಈ ವರ್ಷ ನನ್ನ ಜೊತೆ ಬೆಟ್ಟಕ್ಕೆ ಬಾ ಮಾರಿಟ್. ಈ ವರ್ಷ ಮಾತ್ರ ಅಲ್ಲ. ಮೊದ್ಲು ಈ ಹಿತ್ತಾಳೆ ಹಾಕಿ ಬೋಲ್ಟ್ ಮುಚ್ಚು. ಆಮೇಲೆ ಉತ್ತರ ಹೇಳು.”

ತಾನು ಹೊಡೆದ ಖಾಲಿ ಹಿತ್ತಾಳೆಯನ್ನು ಅವಳ ಅಂಗೈಯಲ್ಲಿಟ್ಟ. ಅದಿನ್ನೂ ಬೆಚ್ಚಗಿತ್ತು.

ಬೋಲ್ಟ್ ಮುಚ್ಚುವುದಿಲ್ಲವೆಂದು ಲೋಕದಲ್ಲಿ ಮಾರಿಟ್ ಒಬ್ಬಳಿಗೇ ಗೊತ್ತು. ಆದರೂ ಹಾಕಿದಳು. ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಹಿಡಿ ಅರ್ಧಕ್ಕೆ ಬಂದು ನಿಂತಿತು. ಒತ್ತಿದಳು, ಜಗ್ಗಲಿಲ್ಲ.

ಲೈಲ್ ಪೆಚ್ಚಾದ. “ಲೆಕ್ಕದಲ್ಲಿ ನಂದೇ ಏನೋ ತಪ್ಪು. ನಕ್ಷೆ ಮತ್ತೆ ನೋಡ್ತೀನಿ. ನಿನ್ನ ಕೆಲಸ ತಪ್ಪೋದು ಸಾಧ್ಯವೇ ಇಲ್ಲ.”

ಇಷ್ಟು ಹೊತ್ತು ಸುಮ್ಮನಿರುವ ದಾರಿಯೊಂದು ಅವಳಿಗಿತ್ತು. ಆ ಮಾತು ಕೇಳಿದ ಮೇಲೆ ಅದೂ ಮುಚ್ಚಿಹೋಯಿತು.

“ನಕ್ಷೆ ಸರಿಯಾಗೇ ಇದೆ,” ಎಂದಳು. “ನಾನೇ ಬೇಕಂತ ಹೀಗೆ ಮಾಡ್ದೆ. ಆಳ ಕಮ್ಮಿ ಕೊರೆದೆ. ನಿನ್ನ ಹಿತ್ತಾಳೆ ಅವಳ ಬಂದೂಕಿಗೆ ಹೋಗಬಾರ್ದು ಅಂತ.”

“ಯಾಕೆ?”

“ಯಾಕೆ ಅಂದ್ರೆ ಏನೋ ದಡ್ಡ, ಹೊಟ್ಟೆಕಿಚ್ಚು! ಬೇರೆ ಹೆಂಗಸಿಗೆ ಅಂದ್ಕೊಂಡೆ. ನಂಗೆ ನೀನು ಬೇಕಿತ್ತು. ಅಪ್ಪನ ಅಂಗಡೀಲಿ ನಿಂತು ಸುಳ್ಳು ಕೆಲಸ ಮಾಡ್ದೆ, ನೀನು ಅಳೀದೆ ತಗೊಂಡು ಹೋದೆ. ಈಗ ಬೈದು ಬಿಡು.” ರೈಫಲ್ಲನ್ನು ಅವನ ಕೈಗೆ ತುರುಕಿ ಮುಖ ತಿರುಗಿಸಿ ನಿಂತಳು. ಕಣ್ಣೀರು ಗಾಳಿಗೆ ತಣ್ಣಗಾಗುತ್ತಿತ್ತು.

ಲೈಲ್ ಸಿಕ್ಕಿಕೊಂಡ ಹಿತ್ತಾಳೆಯನ್ನು ಹೊರಗೆ ತೆಗೆದು ತಿರುಗಿಸಿ ನೋಡಿದ. ಆಮೇಲೆ ನಿಧಾನವಾಗಿ ಕೇಳಿದ: “ಕಮ್ಮಿ ಕೊರೆದೆ ಅಂದ್ಯಾ? ಜಾಸ್ತಿ ಅಲ್ಲ?”

“ಕಮ್ಮಿ.”

“ಜಾಸ್ತಿ ಕೊರೆದಿದ್ರೆ ಬ್ಯಾರೆಲ್ ಕೆಡ್ತಿತ್ತು. ಕೊರೆದ ಉಕ್ಕು ವಾಪಸ್ ಬರಲ್ಲ. ಕಮ್ಮಿ ಬಿಟ್ರೆ ಯಾವಾಗ ಬೇಕಾದ್ರೂ ಇನ್ನಷ್ಟು ಕೊರೀಬಹುದು. ಅಷ್ಟು ಕೋಪದಲ್ಲೂ ನೀನು ಸರಿಮಾಡೋಕೆ ಜಾಗ ಬಿಟ್ಟಿದ್ದೆ.”

ಆ ವಿಷಯ ಅವಳಿಗೇ ಹೊಳೆದಿರಲಿಲ್ಲ.

“ಬೈಯಲ್ವಾ?”

“ಬೈತೀನಿ. ಇಷ್ಟು ವರ್ಷ ಬಾಯಿ ಬಿಡ್ದೇ ಇದ್ದಿದ್ದಕ್ಕೆ. ಅದರಲ್ಲಿ ಅರ್ಧ ಬೈಗುಳ ನಂಗೂ ಸಲ್ಬೇಕು. ನಡಿ, ರೀಮರ್ ನಿನ್ನ ಹತ್ರನೇ ಇದೆಯಲ್ಲ?”

ಅಂಗಡಿಯಲ್ಲಿ ಬ್ಯಾರೆಲ್ ಬಿಚ್ಚಿದರು. ಲೈಲ್ ಅದನ್ನು ಹಿಡಿದುಕೊಂಡ, ಮಾರಿಟ್ ರೀಮರಿಗೆ ಎಣ್ಣೆ ಹಚ್ಚಿ ಕೈಯಲ್ಲೇ ತಿರುಗಿಸಿದಳು. ಅವನ ಉಸಿರು ಅವಳ ಕಿವಿಯ ಬಳಿ ಆಡುತ್ತಿತ್ತು.

“ದೂರ ನಿಲ್ಲು. ಕೈ ನಡುಗ್ತದೆ.”

“ನಿನ್ನ ಕೈ ನಡುಗಿದ್ದು ನಾನು ನೋಡೇ ಇಲ್ಲ.”

“ಈಗ ನೋಡು,” ಎಂದಳು. ಅವನು ನೋಡಿದ, ದೂರ ಮಾತ್ರ ಸರಿಯಲಿಲ್ಲ.

ಈ ಸಲ ಅಳತೆಗುಂಡು ಹಾಕಿ ಪರೀಕ್ಷಿಸಿದಳು. ಬ್ಯಾರೆಲ್ ಮತ್ತೆ ಬಿಗಿದು, ಅವನ ಹಿತ್ತಾಳೆಯನ್ನು ಒಳಗಿಟ್ಟು ಬೋಲ್ಟ್ ತಳ್ಳಿದಳು. ಒಂದು ಬೆರಳಿಗೇ ಮುಚ್ಚಿಕೊಂಡಿತು.

ಸಂಜೆ ಜಲ್ಲಿ ಗುಂಡಿಯಲ್ಲಿ ಏಳು ವರ್ಷದ ಮೇಲೆ ಮಾರಿಟ್ ಗುಂಡು ಹೊಡೆದಳು. ಭುಜಕ್ಕೆ ತಗುಲಿದ್ದು ಯಾರೋ ಸ್ನೇಹದಿಂದ ತಟ್ಟಿದಷ್ಟು. ಇಬ್ಬರೂ ಹೊಡೆದು ಮುಗಿಸುವ ಹೊತ್ತಿಗೆ ಲೈಲ್‌ನ ಹಿತ್ತಾಳೆ ಅವನ ಟೋಪಿಯಲ್ಲಿ, ಅವಳದು ಅವಳ ಜೇಬಿನಲ್ಲಿ ತುಂಬಿತ್ತು. ಟ್ರಕ್ಕಿನ ಸೀಟಿನ ಕೆಳಗಿಂದ ಅವಳು ಹಳೆಯದೊಂದು ಕಾಫಿ ಡಬ್ಬ ಎಳೆದಳು. ಜೇಬನ್ನು ಅದಕ್ಕೆ ಬರಿದು ಮಾಡಿ, ಅವನ ಟೋಪಿಯನ್ನೂ ಕಿತ್ತುಕೊಂಡು ಅದರ ಮೇಲೆಯೇ ಸುರಿದಳು.

“ಏಯ್, ಏನ್ ಮಾಡ್ದೆ! ಇನ್ನು ಯಾವುದು ಯಾರದ್ದು ಅಂತ ದೇವರಿಗೂ ಗೊತ್ತಾಗಲ್ಲ.”

ಮಾರಿಟ್ ಡಬ್ಬದ ಮುಚ್ಚಳ ಹಾಕಿ ಗಟ್ಟಿಯಾಗಿ ಒತ್ತಿದಳು.

“ನೀನು ಕೇಳಿದ್ದಕ್ಕೆ ಉತ್ತರ ಅದೇ ಕಣೋ,” ಎಂದಳು.